ಕುಂಟು ಕೊಕ್ಕರೆಯ ಅಳತೆ

ಬಾಗಿಲು ಐದಡಿ ನಾಲ್ಕಂಗುಲ.
ಬರೆದುಕೊಳ್ಳುವ ಮೊದಲೇ ಹಣೆಗೆ ಬಡಿಯಿತು ತೊಲೆ.
"ಅದಕ್ಕೆ ಎಲ್ಲರೂ ಒಂದೇ," ಎಂದಳು ಮಾವಿಸ್ ಗಾಲ್ಪಿನ್,
ಲೋಟ ಒರೆಸುತ್ತ, ತಿರುಗಿಯೂ ನೋಡದೆ,
"ಬಿಷಪ್ಪನನ್ನೂ ಬಿಟ್ಟಿಲ್ಲ."

ಡೆವನ್ನಿನ ಈ ಹಳ್ಳಿಗೆ ನಾನು ಬಂದದ್ದು
ಕುಂಟು ಕೊಕ್ಕರೆ ಎಂಬ ಪಬ್ಬಿನ ನಕ್ಷೆ ತೆಗೆಯಲು.
ಹುಲ್ಲುಮಾಡು ಬಿಚ್ಚುವ ಮುನ್ನ
ಇದ್ದದ್ದನ್ನು ಇದ್ದಂತೆ ಕಾಗದಕ್ಕಿಳಿಸಬೇಕು,
ಕೌನ್ಸಿಲ್ಲಿನ ಅಪ್ಪಣೆ.

ಇದ್ದದ್ದು ಇದ್ದಂತೆ ನಿಂತರೆ ತಾನೆ!
ರಸಮಟ್ಟದ ಗುಳ್ಳೆ ಒಮ್ಮೆಯೂ ನಡುವಿಗೆ ಬರಲಿಲ್ಲ.
ಎಡಗೋಡೆ ಒಂದು ಗೇಣು ಮುಂದಕ್ಕೆ ವಾಲಿ
ರಸ್ತೆಯ ಮಾತಿಗೆ ಕಿವಿಗೊಟ್ಟಿದೆ,
ಬಲಗೋಡೆ ಉಂಡು ಹೊಟ್ಟೆ ಬಿಟ್ಟುಕೊಂಡು ಕೂತಿದೆ.
ಮೂಲೆಮಟ್ಟ ಇಟ್ಟಲ್ಲೆಲ್ಲ
ಸಂದಿನಲ್ಲಿ ಬೆಳಕು.

ಗೋಡೆ ಮಣ್ಣಿನದು. ಕೆಮ್ಮಣ್ಣು, ಹುಲ್ಲು, ಸಗಣಿ,
ಎತ್ತಿನ ಕಾಲಲ್ಲಿ ತುಳಿಸಿ
ಎರಡೆರಡಡಿ ಏರಿಸಿ, ಒಣಗಲು ಬಿಟ್ಟು, ಮತ್ತೆ ಏರಿಸಿದ್ದು.
"ಟೋಪಿ ಗಟ್ಟಿಯಿರಲಿ, ಬೂಟು ಗಟ್ಟಿಯಿರಲಿ,
ನಡುವಿನದಕ್ಕೆ ಸಾವಿಲ್ಲ" ಎನ್ನುತ್ತಾರೆ ಇಲ್ಲಿಯವರು.
ಬೂಟು ಎಂದರೆ ಮೊಣಕಾಲೆತ್ತರದ ಕಲ್ಲಿನ ಪಾಯ.
ಟೋಪಿಗೆ ಬಂದಿದ್ದಾನೆ ಆಲ್ಬನ್ ಸ್ಟಿಕ್‌ಲೆಂಡ್,
ಮಾಡು ಹೊದಿಸುವ ಮನೆತನದ ಮೂರನೆಯವ,
ಹೇಜಲ್ ಕಡ್ಡಿ ಕಚ್ಚಿಕೊಂಡೇ ಅವನ ಮಾತು.

ಅಟ್ಟ ಹತ್ತಿದೆ.
ಒಂದೇ ಓಕ್ ಮರ, ಬಾಗಿ ಬೆಳೆದದ್ದು,
ಉದ್ದಕ್ಕೆ ಸೀಳಿ, ಎದುರುಬದುರು ನಿಲ್ಲಿಸಿ
ನೆತ್ತಿಯಲ್ಲಿ ಮತ್ತೆ ಕೂಡಿಸಿದ್ದಾರೆ.
ಐನೂರು ವರ್ಷದಿಂದ ಎರಡು ಹೋಳು
ಹಣೆಗೆ ಹಣೆ ಹಚ್ಚಿ ನಿಂತಿವೆ.
ಮೊಳೆಯಿಲ್ಲ, ಮರದ ಗೂಟ.
ಪಕ್ಕದಲ್ಲಿ ಬಡಗಿಯ ಉಳಿಗುರುತು: ಮೂರು, ನಾಲ್ಕು, ಆರು.
ಐದು ಇಲ್ಲ.
ಅವನ ಎಣಿಕೆ ತಪ್ಪಿತೋ, ಐದನೆಯ ಕಮಾನು
ಯಾವುದೋ ಕೊಟ್ಟಿಗೆಯನ್ನು ಹೊತ್ತು ನಿಂತಿದೆಯೋ,
ನಕ್ಷೆಯಲ್ಲಿ ಒಂದು ಪ್ರಶ್ನೆಚಿಹ್ನೆ.

ಆಲ್ಬನ್ ಮೇಲಿಂದ ಕತ್ತರಿಸುತ್ತ ಬಂದ.
ಅಪ್ಪ ಹೊದಿಸಿದ ಪದರ. ಅಜ್ಜ ಹೊದಿಸಿದ್ದು
("ಜಿಪುಣ ಮುದುಕ, ಕಡ್ಡಿ ಉಳಿಸಿದ್ದಾನೆ ನೋಡಿ").
ಅದರಡಿ ಹೆಸರಿಲ್ಲದವರದು.
ಯಾರೂ ಹಳೆಯದನ್ನು ಪೂರ್ತಿ ಕಿತ್ತಿರಲಿಲ್ಲ.
ಅಂಗಿಯ ಮೇಲೆ ಅಂಗಿ ತೊಟ್ಟ ಚಳಿಗಾರ ಈ ಮಾಡು.
ಕೊನೆಗೆ ಕೈ ತಡೆದು ನನ್ನ ಕರೆದ.
ಕಪ್ಪು. ಕಾಡಿಗೆಗಪ್ಪು.
ಚಿಮಣಿ ಹುಟ್ಟುವ ಮುಂಚೆ
ನಡುಮನೆಯ ನೆಲದಲ್ಲಿ ಉರಿದ ಬೆಂಕಿಯ ಮಸಿ.
ಮಸಿಯೊಳಗೊಂದು ತೆನೆ, ತೆನೆಯಲ್ಲಿ ರೈ ಕಾಳು.
ಕೊಯ್ದವರು ಎದ್ದು ಬಂದು ಮಾತಾಡಿದರೆ
ಮಾವಿಸ್‌ಗೆ ಅರ್ಧವೂ ತಿಳಿಯದು,
ಕಾಳು ಮಾತ್ರ ಕಾಳೇ.
"ಇದನ್ನು ಮುಟ್ಟುವುದಿಲ್ಲ," ಎಂದ ಆಲ್ಬನ್,
ಮಲಗಿದವರ ತಲೆ ಸವರುವಂತೆ
ಅಂಗೈಯಿಂದ ಸವರಿದ.

ಮಧ್ಯಾಹ್ನ ಒಲೆಗೂಡು. ಒಳಗೆ ಇಬ್ಬರು ಕೂರಬಹುದು.
ತೊಲೆಯ ಮೇಲೆ ಕೈವಾರದಿಂದ ಗೀಚಿದ ಆರೆಸಳ ಹೂ,
ಮಾಟಗಾತಿ ಇಳಿದು ಬಾರದಿರಲೆಂದು.
ಮೇಲಿನ ಸಂದಿಯಲ್ಲಿ ಟೇಪು ಸಿಕ್ಕಿಕೊಂಡಿತು, ಕೈ ಹಾಕಿದೆ,
ಕೈಗೆ ಬಂದದ್ದು ಬೂಟು.
ಮಗುವಿನದು. ಎಡಗಾಲು. ನನ್ನ ಅಂಗೈಯಷ್ಟು.
ಅಟ್ಟೆ ಒಂದೇ ಬದಿಗೆ ಸವೆದಿದೆ:
ಕಾಲೆಳೆದು ನಡೆದ ಮಗು.

ಮಾವಿಸ್ ಬಹಳ ಹೊತ್ತು ನೋಡಿದಳು.
ಹೊರಗೆ ಗಾಳಿಗೆ ಕಿರುಗುಟ್ಟಿತು ಫಲಕ,
ಒಂಟಿಕಾಲಲ್ಲಿ ನಿಂತ ಹಕ್ಕಿ.
ಹೆಸರು ಯಾರಿಟ್ಟರೆಂದು ಬೆಳಿಗ್ಗೆ ಕೇಳಿದ್ದೆ,
ಗೊತ್ತಿಲ್ಲ ಎಂದಿದ್ದಳು.
ಮತ್ತೆ ಕೇಳಲಿಲ್ಲ.
ಮ್ಯೂಸಿಯಮ್ಮಿಗೆ ತಿಳಿಸಬೇಕು, ಅಂದೆ.
"ತಿಳಿಸಿ. ಫೋಟೋ ತೆಗೆದುಕೊಂಡು ಹೋಗಲಿ.
ಬೂಟು ಇದ್ದಲ್ಲೇ ಇರುತ್ತದೆ,
ಇರುವುದೇ ಒಂದು."

ಸಂಜೆ ಅದನ್ನು ಸಂದಿಗೆ ಮರಳಿಸಿ
ನಕ್ಷೆಯಲ್ಲಿ ಆ ಜಾಗಕ್ಕೆ 'ಖಾಲಿಯಿಲ್ಲ' ಎಂದು ಬರೆದೆ.
ಮೇಲೆ ಆಲ್ಬನ್ ಹೊಸ ಗೋಧಿಹುಲ್ಲಿನ
ಮೊದಲ ಕಟ್ಟು ಬಡಿಯುತ್ತಿದ್ದ.
ಹೊರಡುವಾಗ ನೆನಪಿಟ್ಟು ತಲೆ ತಗ್ಗಿಸಿದೆ.
ಆದರೂ ಬಡಿಯಿತು.
ಟೇಪು ಹಿಡಿದು ಇನ್ನೊಮ್ಮೆ ನೋಡಿದೆ, ತಿದ್ದಿದೆ:
ಬಾಗಿಲು ಐದಡಿ ಮೂರೂವರೆ.